ಅರ್ಧ ಕಪ್ಪಾದ ಚೌಕ

ಸೋಮವಾರ ಬೈಲಹೊಂಗಲದ ಸೀರೆ ವ್ಯಾಪಾರಿಗೆ ನವಿಲು ದಡಿಯ ಮಾದರಿ ತೋರಿಸದಿದ್ದರೆ ಆರ್ಡರ್ ಬೇರೆಯವರ ಪಾಲಾಗುತ್ತಿತ್ತು. ರಾಮದುರ್ಗದ ನಮ್ಮ ಮನೆಯ ಒಂದೇ ಮಗ್ಗ ಹದಿನೈದು ದಿನದಿಂದ ಸುಮ್ಮನೆ ನಿಂತಿತ್ತು. ಅಪ್ಪನ ಹಳೆಯ ನವಿಲಿನ ನಕ್ಷೆಯನ್ನು ಇಲಿ ಕಡಿದುಹಾಕಿತ್ತು. ಕಂಪ್ಯೂಟರ್ ಸೆಂಟರಿನಲ್ಲಿ ಲಗ್ನಪತ್ರಿಕೆ ಮಾಡಿ ಹೆಸರು ಗಳಿಸಿದ್ದ ನಾನು, "ಹೊಸಾ ನಕ್ಷಿ ನಾ ತೆಗಿತೇನಿ" ಎಂದೆ.

ಶುಕ್ರವಾರ ಅಪ್ಪ ಸೆಂಟರಿಗೆ ಬಂದ. ಪಕ್ಕದ ಪರದೆಯಲ್ಲಿ ಯಾರೋ ಪೇಂಟ್ ಪ್ರೋಗ್ರಾಮ್ ತೆರೆದು, ಹಿಗ್ಗಿಸಿದ ದೊಡ್ಡ ದೊಡ್ಡ ಚೌಕ ತುಂಬುತ್ತಿದ್ದರು.

"ಅದರಾಗ ತೆಗಿ. ನಮ್ಮ ಗ್ರಾಫ್ ಕಾಗದದಂಗ ಐತಿ."

ನನಗೆ ಮೈಯೆಲ್ಲ ಉರಿಯಿತು. "ಅದು ಸಣ್ಣ ಹುಡುಗೂರು ಆಡೂದು, ಅಪ್ಪಾ. ನಾ ಲಗ್ನಪತ್ರಿಕಿ ಮಾಡೋ ಕೋರಲ್ ಕಲತಾಕಿ."

ಕೋರಲ್‌ನ ಗೆರೆ ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ನುಣುಪಾಗಿ ಕತ್ತು ಬಾಗಿಸಿದ ನವಿಲು ಬರೆದು, ಮೇಲೆ ಸಣ್ಣ ಚೌಕಗಳ ಜಾಲ ಹಾಸಿ ಪ್ರಿಂಟ್ ತೆಗೆದೆ. ಅಪ್ಪ ಬಹಳ ಹೊತ್ತು ನೋಡಿ "ಚಂದ ಐತಿ" ಎಂದ. ಗೆದ್ದೆನೆಂದು ಬೀಗಿದೆ.

ಶನಿವಾರ ಬೆಳಿಗ್ಗೆ, ನಕ್ಷೆ ನೋಡಿ ಮಗ್ಗದ ರಟ್ಟಿಗೆ ತೂತು ಹೊಡೆಯುವ ಕಾಕಾ, ನಾವು ಕೊಟ್ಟಿದ್ದ ಪ್ರಿಂಟ್ ಹಿಡಿದು ಬಾಗಿಲಿಗೆ ಬಂದರು. ನವಿಲಿನ ಗೆರೆ ಚೌಕಗಳ ನಡುವೆಯೇ ಹಾದು, ಎಷ್ಟೋ ಚೌಕ ಅರ್ಧ ಕಪ್ಪು, ಅರ್ಧ ಬಿಳಿ.

"ಒಂದ ಚೌಕಕ್ಕ ಒಂದ ಎಳಿ. ಅರ್ಧ ಎಳಿ ಎತ್ತಾಕ ಬರತೈತೇನವಾ?"

ನಾಚಿಕೆಗಿಂತ ಹೆಚ್ಚು ಅಪ್ಪನ ಮೇಲೆ ಸಿಟ್ಟು ಬಂತು. ಇಡೀ ಆಯುಷ್ಯ ನೇಯ್ದವನಿಗೆ ಇದು ಕಾಣಲಿಲ್ಲವೇ?

ಅವನನ್ನು ಎಳೆದುಕೊಂಡು ಸೆಂಟರಿಗೆ ಓಡಿದೆ. ಎರಡು ಗಂಟೆಗೆ ಕರೆಂಟ್ ತೆಗೆಯುತ್ತಿದ್ದರು. ಪೇಂಟ್ ತೆರೆದೆ. "ಮೂರ ಎತ್ತು, ಎರಡ ಬಿಡು," ಅಪ್ಪ ನೆನಪಿನಿಂದ ಹೇಳುತ್ತ ಹೋದ, ಎತ್ತುವ ಎಳೆಗೆಲ್ಲ ನಾನು ಚೌಕ ತುಂಬುತ್ತ ಹೋದೆ. ಒಂದೂವರೆಗೆ ಕತ್ತಿನ ಬಳಿ ಲೆಕ್ಕ ತಪ್ಪಿತು.

"ಎಲ್ಲಿ ತಪ್ಪೇತಿ, ತೋರ್ಸು!" ಎಂದು ಗದರಿದೆ.

ಅವನ ಬೆರಳು ಪರದೆಯ ಮೇಲೆ ತಡವರಿಸಿತು. "ಸ್ವಲ್ಪ ದೊಡ್ಡದ ಮಾಡವಾ."

ಮಾಡಿದೆ.

"ಇನ್ನೂ."

ಒಂದೊಂದು ಚೌಕ ಹೆಬ್ಬೆರಳಷ್ಟಾದಾಗ ಬೆರಳು ತಪ್ಪಿದ ಜಾಗಕ್ಕೇ ಹೋಗಿ ನಿಂತಿತು. ಪೇಂಟ್ ಯಾಕೆ ಬೇಕೆಂದಿದ್ದ, ಪ್ರಿಂಟ್ ನೋಡಿ ಯಾಕೆ ಚಂದವೆಂದಿದ್ದ ಎಂಬುದು ಆಗ ತಿಳಿಯಿತು.

"ಯಾವಾಗಿಂದ ಕಾಣವಲ್ದು?"

"ದೀಪಾವಳಿಯಿಂದ. ಬೈಲಹೊಂಗಲದ ಸಾವ್ಕಾರ್ರ ಮುಂದ ಅನಬ್ಯಾಡ."

ಅಳು ಬಂತು. ಅಳುವುದಕ್ಕೆ ಪುರಸೊತ್ತಿರಲಿಲ್ಲ. ಕರೆಂಟ್ ಹೋಗುವ ಮೊದಲೇ ಮುಗಿಸಿ, ಹೊಸ ಪ್ರಿಂಟನ್ನು ಕಾಕಾನ ಕೈಗೆ ಕೊಟ್ಟೆವು.

ಭಾನುವಾರ ಮಾದರಿ ನೇಯ್ದು, ಸೋಮವಾರ ನಾನೂ ಅಪ್ಪನ ಜೊತೆ ಬಸ್ ಹತ್ತಿದೆ. ವ್ಯಾಪಾರಿ ದಡಿಯನ್ನು ಅಪ್ಪನ ಮುಖದ ಮುಂದೆ ಹಿಡಿದರು. "ಈ ಕುತಿಗಿ ಹತ್ರ ಎಳಿ ನೋಡ್ರಿ, ಬರೋಬ್ಬರಿ ಐತೇನು?"

ಅಪ್ಪ ಕೈ ಚಾಚುವ ಮೊದಲೇ ನಾನು ನಡುವೆ ಬಗ್ಗಿದೆ. "ನಾ ತೆಗದದ್ದರಿ. ನನ್ನ ಕೇಳ್ರಿ."

ಅವರು ನನ್ನನ್ನೇ ಕೇಳಿದರು. ಆರ್ಡರನ್ನೂ ನಮಗೇ ಕೊಟ್ಟರು.