ಚೀಲದ ಹಿಂಬದಿ

ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಕೂತು ನಾನು ಮದುವೆಯ ತಾಂಬೂಲದ ಚೀಲಗಳಿಗೆ ಸ್ಕ್ರೀನ್ ಪ್ರಿಂಟ್ ಮಾಡುತ್ತೇನೆ. ಮುಂಬದಿಗೆ ಗಂಡು ಹೆಣ್ಣಿನ ಹೆಸರು, ಹಿಂಬದಿಗೆ ನನಗಿಷ್ಟವಾದ ಚಿತ್ರ. ಆರ್ಡರ್ ಹಿಡಿಯುವಾಗಲೇ ಇದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನ ಗ್ಯಾಲರಿಗಳಿಗೂ ಚಿತ್ರ ಕಳಿಸಿದ್ದುಂಟು. ಒಬ್ಬರೂ ಉತ್ತರ ಬರೆಯಲಿಲ್ಲ. ಬರೆಯದಿದ್ದರೆ ಕತ್ತೆ ಬಾಲ. ಅಲ್ಲಿಯ ಚಿತ್ರವನ್ನು ನೋಡಲು ಜನ ಹೋಗಬೇಕು, ನನ್ನದು ತೆಂಗಿನಕಾಯಿಯ ಜೊತೆ ಜನರ ಮನೆಗೇ ಹೋಗುತ್ತದೆ.

ಬಂಗಾರಪೇಟೆ ಕಡೆಯ ಹಳ್ಳಿಯವರೊಬ್ಬರು ಮಗಳ ಮದುವೆಗೆ ಚೀಲ ಹಾಕಿಸಿದರು. ಹಿಂದೆ ಗಣಪತಿಯೋ ಕಳಶವೋ ಇರುತ್ತದೆಂದು ತಲೆಯಾಡಿಸಿದ್ದರೇನೋ. ನಾನು ಹಾಕಿದ್ದು ಮುಚ್ಚಿದ ಗಣಿಯ ಗೋಪುರ, ಅದರ ತುದಿಯಲ್ಲಿ ಒಂದು ಕಾಲಕ್ಕೆ ಆಳುಗಳನ್ನು ಕೆಳಗಿಳಿಸುತ್ತಿದ್ದ ದೊಡ್ಡ ಚಕ್ರ, ಕೆಳಗೆ ಬಟ್ಟೆ ಒಣಹಾಕುವ ಹೆಂಗಸು. ಮದುವೆಯ ಮುನ್ನಾದಿನ ಚೀಲ ಒಯ್ಯಲು ಬಂದವರು ಹೌಹಾರಿದರು.

"ಏನಮ್ಮಾ ಇದು? ನಿಂತೋದ ಚಕ್ರ ಮದ್ವೆ ಚೀಲದ ಮ್ಯಾಲಾ? ಅಪಶಕುನ ಕಣಮ್ಮಾ. ಕರೀ ಬಣ್ಣ ಬಳ್ದು ಮುಚ್ಚಾಕು."

"ಆಗಲ್ಲಣ್ಣ. ಅದು ತಿರುಗ್ತಿದ್ದಾಗ ನಿಮ್ಮಪ್ಪಾನೂ ಅಲ್ಲೇ ಇಳ್ದು ಅನ್ನ ತಂದೋರಲ್ವಾ?"

"ಬಾಯಿ ಬ್ಯಾರೆ! ನಿನ್ನತ್ರ ಯಾರೂ ಬರ್ಬಾರ್ದು, ಅಂಗ್ ಮಾಡ್ತೀನಿ ನೋಡು."

ಬೇರೆ ದಾರಿಯಿಲ್ಲದೆ ಚೀಲ ಒಯ್ದರು. ಹೇಳಿದ್ದನ್ನು ಮಾಡಿಯೂ ತೋರಿಸಿದರು. ಆ ಕಡೆಯ ಆರ್ಡರ್ ನಿಂತೇಹೋಯಿತು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ಆದರೂ ನಾನು ಹೋಗಿ ಕೈಮುಗಿಯಲಿಲ್ಲ.

ನಮ್ಮ ಜನರದ್ದೊಂದು ಚಾಳಿಯಿದೆ. ಬೇರೆಯವರ ಮದುವೆಯ ಹೆಸರನ್ನು ಊರಿಗೆ ತೋರಿಸಿಕೊಂಡು ಓಡಾಡಲು ಸಂಕೋಚ. ಹೆಸರಿರುವ ಬದಿಯನ್ನು ಕಾಲಿನ ಕಡೆ ತಿರುಗಿಸಿ ಚೀಲ ಹಿಡಿಯುತ್ತಾರೆ. ಆ ಮದುವೆ ಮುಗಿದ ಮೇಲೆ ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ, ಬೆಳಗಿನ ರೈಲಿನಲ್ಲಿ, ರೇಷನ್ ಕ್ಯೂನಲ್ಲಿ ಎಲ್ಲೆಲ್ಲೂ ನನ್ನ ಚಕ್ರವೇ. ಬದನೆಕಾಯಿ ತುಂಬಿ ಉಬ್ಬಿಕೊಂಡ ನನ್ನ ಗೋಪುರವನ್ನು ನೋಡಿ ರೈಲಿನಲ್ಲಿ ಒಬ್ಬಳೇ ನಕ್ಕಿದ್ದೇನೆ. ಅಷ್ಟು ಖುಷಿ ನನಗೆ ಯಾವ ಹೊಗಳಿಕೆಯಿಂದಲೂ ಆಗಿಲ್ಲ.

ಎರಡನೇ ಮಗಳ ಮದುವೆ ಗೊತ್ತಾದಾಗ ಅದೇ ಮನುಷ್ಯ ಮತ್ತೆ ಬಾಗಿಲಿಗೆ ಬಂದರು.

"ಎಲ್ಲೋದ್ರೂ ನಿನ್ ಚಕ್ರಾನೇ ಕಾಣ್ತದೆ, ನನ್ ಮಗಳೆಸ್ರು ಯಾರ್ ಕಣ್ಣಿಗೂ ಬೀಳಲ್ಲ. ಈ ಸಲ ಎಲ್ಡು ಕಡೀಕೂ ಎಸ್ರೇ ಆಕು. ಓದ್ಸಲಕ್ಕಿಂತ ದೊಡ್ಡ ಮದ್ವೆ."

ಆ ತಿಂಗಳು ನನ್ನ ಕೈಯಲ್ಲಿ ಒಂದು ಆರ್ಡರೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

"ಎರಡೂ ಕಡೆ ಹೆಸರು ಹಾಕಿಕೊಡೋರು ಬೇಕಾದಷ್ಟು ಜನ ಅವ್ರೆ ಅಣ್ಣ," ಎಂದೆ. "ನನ್ನತ್ರ ನಿಮಗೆ ಒಂದು ಕಡೆ ಮಾತ್ರ ಖಾಲಿ ಐತೆ."

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಕರೆಯಲಿಲ್ಲ. ಒಳಗೆ ಬಂದು, ಮುಂದಿನ ಚೀಲದ ಹಿಂಬದಿಗೆಂದು, ಇಲ್ಲೇ ಹತ್ತಿರದ ಕೋರಮಂಡಲ್‌ನ ಬೀದಿ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ಜಗಳವಾಡುವ ಹೆಂಗಸರನ್ನು ಬರೆಯತೊಡಗಿದೆ.