ಅತ್ತೆ ಕಟ್ಟಿಕೊಟ್ಟ ಉಂಡೆ

ಹಿಂದೂಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗವಿದೆ, ಬಾಯಿಬಾಯಿಗೂ ಬುದ್ಧಿವಾದವಿದೆ. ಎದುರುಮನೆಯ ಶಿರೀಷಾ ರೇಷ್ಮೆ ಉಡುವುದಿಲ್ಲ, ಹಾಲು ಮೊಸರು ತುಪ್ಪ ಮುಟ್ಟುವುದಿಲ್ಲ ಎಂದಾಗ ಆ ಬುದ್ಧಿವಾದವೆಲ್ಲ ಅವಳ ಬಾಗಿಲಿಗೆ ಹೋಯಿತು. ಚಿಕ್ಕವಳಿದ್ದಾಗ ರೇಷ್ಮೆಗೂಡು ಬೇಯಿಸುವ ಬಾನಿಯಲ್ಲಿ ಸತ್ತ ಹುಳುಗಳನ್ನು ನೋಡಿದ್ದಳಂತೆ. ಅಲ್ಲಿ ಶುರುವಾದದ್ದು ದೊಡ್ಡವಳಾಗುವ ಹೊತ್ತಿಗೆ ಹಾಲಿನವರೆಗೂ ಬಂತು. ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ ಎಂದುಬಿಟ್ಟಳು.

ಖಾಸಗಿ ಶಾಲೆಯೊಂದರಲ್ಲಿ ಅವಳು ಆಟದ ಟೀಚರ್. ಭಾನುವಾರಗಳಲ್ಲಿ ಪೆನುಕೊಂಡದ ಬೆಟ್ಟ ಹತ್ತಿ ಹತ್ತಿ ಕೊನೆಗೆ ಹಿಮಾಲಯದ ಹುಚ್ಚು ಹಿಡಿಸಿಕೊಂಡಳು. ಲಡಾಖಿನಲ್ಲಿ ಆರು ಸಾವಿರ ಮೀಟರ್ ದಾಟಿದ ಶಿಖರವೊಂದನ್ನು ಹಾಲು, ತುಪ್ಪ, ಉಣ್ಣೆ ಯಾವುದೂ ಇಲ್ಲದೆ ಹತ್ತಿ ತೋರಿಸುತ್ತೇನೆ ಎಂದಳು. ಸೊಪ್ಪು ತಿಂದು ಹಿಮ ಹತ್ತುತ್ತಾಳಂತೆ ಎಂದು ಶಾಲೆಯವರು ನಕ್ಕರು. ಬೀದಿಯವರೂ ನಕ್ಕರು, ಮಗ್ಗ ನಿಲ್ಲಿಸಿಕೊಂಡು.

ನಗದೆ ಉಳಿದವಳು ಕಲ್ಯಾಣದುರ್ಗದ ಬನಶಂಕರಮ್ಮ ಒಬ್ಬಳೇ. ಶಿರೀಷಾಳ ತಂದೆಯ ಅಕ್ಕ. ತಾಯಿಯಿಲ್ಲದ ಕೂಸನ್ನು ಎದೆಗವಚಿಕೊಂಡು ಸಾಕಿದ ಸೋದರತ್ತೆ.

"ನಗೋರು ನಕ್ಕೊಳ್ಳಲಿ ಬುಡು ತಲ್ಲೀ. ನಿಂಗೆ ಬೇಕಾದ ಉಂಡೆ ನಾನ್ ಕಟ್ಟಿಕೊಡ್ತೀನಿ" ಎಂದಳು.

ಹುರಿದ ಕಡಲೆಕಾಯಿ ಬೀಜ, ರಾಗಿ ಹುರಿಹಿಟ್ಟು, ಎಳ್ಳು, ಬೆಲ್ಲ. ಶಿರೀಷಾ ಯಾರ ಕೈಯಡುಗೆಯನ್ನೂ ವಿಚಾರಿಸದೆ ತಿನ್ನುವವಳಲ್ಲ, ಮದುವೆಮನೆಗಳಲ್ಲಿ ಅಡುಗೆಯವರ ಪ್ರಾಣ ತಿಂದವಳು. ಅತ್ತೆಯ ಡಬ್ಬಿಯನ್ನು ಮಾತ್ರ ತೆರೆದೂ ನೋಡದೆ ಚೀಲಕ್ಕೆ ಹಾಕಿಕೊಂಡು ಹೊರಟಳು.

ಬೆಟ್ಟದ ಬುಡದ ಕೊನೆಯ ಊರಿನಲ್ಲಿ ಡಬ್ಬಿ ತೆರೆದಾಗ ಚಳಿಗೆ ಉಂಡೆಗಳ ಮೇಲೆ ಬಿಳಿ ಕಟ್ಟಿತ್ತಂತೆ. ಅನುಮಾನ ಬಂದು ಅಲ್ಲಿಂದಲೇ ಫೋನ್ ಮಾಡಿದಳು.

"ಅತ್ತೆ, ಇದಕ್ಕೆ ತುಪ್ಪ ಏನಾದ್ರೂ ಹಾಕಿದೀಯಾ?"

"ಇಲ್ಲ ಕಣೇ. ಕಡಲೆಕಾಯಿ ಎಣ್ಣೆ ಒಂದ್ ತೊಟ್ಟು, ಉಂಡೆ ನಿಲ್ಲಲಿ ಅಂತ. ನನ್ನಾಣೆ."

ಸಾಕಿದವಳು ಆಣೆ ಇಟ್ಟ ಮೇಲೆ ಇನ್ನೇನು ಕೇಳುವುದಿದೆ? ಮೇಲೆ ಹೋದಂತೆ ಮೂಗು ಕಟ್ಟಿತು, ನಾಲಿಗೆಯ ರುಚಿ ಹೋಯಿತು, ಅನ್ನ ಕಂಡರೆ ವಾಕರಿಕೆ. ಆ ಉಂಡೆ ಮಾತ್ರ ಗಂಟಲಲ್ಲಿ ಇಳಿಯುತ್ತಿತ್ತಂತೆ. ಅದನ್ನೇ ಕಚ್ಚಿಕೊಂಡು ಶಿಖರ ಮುಟ್ಟಿದಳು. "ಹಾಲಿನ ಹನಿಯೂ ಇಲ್ದೆ ಹತ್ತಿದೀನಿ" ಎಂದು ಒಡೆದ ತುಟಿಯಲ್ಲಿ ಹೇಳಿದ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ನಕ್ಕವರೇ ನಾಚಿಕೆಯಿಲ್ಲದೆ ಅದನ್ನು ಸ್ಟೇಟಸ್ ಹಾಕಿಕೊಂಡರು.

ಕಲ್ಯಾಣದುರ್ಗದ ನೇಕಾರರ ಸಂಘದವರು ಸನ್ಮಾನ ಇಟ್ಟುಕೊಂಡರು. ಅವಳ ಜೊತೆ ನಾನೂ ಬಸ್ಸು ಹತ್ತಿದೆ. ರೇಷ್ಮೆ ಶಾಲು ತಂದಿದ್ದವರನ್ನು ಬನಶಂಕರಮ್ಮ ಗದರಿಸಿ ಹತ್ತಿಯ ಶಾಲು ತರಿಸಿದ್ದಳು. ಅದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಸಂಘದ ಹಿರಿಯರು ಕೇಶವಯ್ಯ, ಸಾಕಿದ ಅತ್ತೆಯೂ ಎರಡು ಮಾತಾಡಲಿ ಎಂದು ಅವಳ ಕೈಗೆ ಮೈಕು ಕೊಟ್ಟರು.

"ಬರೀ ಕಡಲೆಕಾಯಿ ತಿಂದು ಆ ಚಳೀಲಿ ಜೀವ ಉಳೀತದೇನ್ರಪ್ಪಾ?" ಎಂದಳು ಬನಶಂಕರಮ್ಮ, ಮುಖವರಳಿಸಿಕೊಂಡು. "ಚೌಡೇಶ್ವರಮ್ಮನ ಮುಂದೆ ತುಪ್ಪ ಇಟ್ಟು, ಪೂಜೆ ಮಾಡ್ಸಿ, ಅದ್ರಾಗೇ ಉಂಡೆ ಕಟ್ಟಿ ಕಳಿಸ್ಬುಟ್ಟೆ. ಅಮ್ಮನೇ ಹತ್ತಿಸಿದ್ಳು ನಮ್ಮುಡುಗೀನ."

ಜನ ಚಪ್ಪಾಳೆ ತಟ್ಟಿದರು. ಶಿರೀಷಾ ಎದ್ದು ನಿಂತಳು.

"ನಾನು ಫೋನ್ ಮಾಡಿ ಕೇಳಿದ್ನಲ್ಲ ಅತ್ತೆ."

"ದೇವ್ರಿಗೊಪ್ಪಿಸಿದ್ಮೇಲೆ ಅದು ತುಪ್ಪ ಎಂಗಾಯ್ತದೆ ಕಣೇ? ಪ್ರಸಾದ."

ನಮ್ಮವರ ಲೆಕ್ಕವೇ ಅದು. ಉಪವಾಸವಿದ್ದರೂ ಪ್ರಸಾದ ಬಾಯಿಗೆ ಹಾಕಿಕೊಳ್ಳುತ್ತೇವೆ, ವ್ರತ ಕೆಟ್ಟಿತೆಂದು ಯಾರೂ ಅನ್ನುವುದಿಲ್ಲ.

"ಹಂಗಾದ್ರೆ ಪ್ರಸಾದ ಅಂತಾನೇ ಹೇಳ್ಬೇಕಿತ್ತು. ಆಣೆ ಯಾಕಿಟ್ಟೆ?"

"ನೀನು ಅಲ್ಲೇ ಸತ್ತೋಗಿದ್ರೆ ನಾನೇನ್ ಮಾಡ್ಲಿ" ಎಂದು ಬನಶಂಕರಮ್ಮ ಗೊಣಗಿದಳು. ಅವಳ ಭಯ ಸುಳ್ಳಲ್ಲ. ಆದರೂ ಅವಳು ಮಾಡಿದ್ದು ಮೋಸ. ಪ್ರೀತಿಯಿಂದ ಮಾಡಿದ ಮೋಸಕ್ಕೆ ಬೇರೆ ಹೆಸರು ನನಗಂತೂ ಗೊತ್ತಿಲ್ಲ.

ಶಿರೀಷಾ ಅತ್ತೆಯ ಕೈಯಿಂದ ಮೈಕು ತೆಗೆದುಕೊಂಡಳು. "ನಾನು ಹೇಳಿದ್ದು ಸುಳ್ಳಾಯ್ತು. ತುಪ್ಪ ತಿಂದೇ ಹತ್ತಿದೀನಿ" ಎಂದಳು. ಹೊದಿಸಿದ್ದ ಶಾಲು ಮಡಿಸಿ ಕುರ್ಚಿಯ ಮೇಲಿಟ್ಟು ವೇದಿಕೆಯಿಂದ ಇಳಿದು ಬಂದಳು. ಮುಂದೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟಕ್ಕೆಲ್ಲ ಇಷ್ಟು ರಾದ್ಧಾಂತವೇ ಎಂದು ಯಾರೋ ಅಂದದ್ದು ನನಗೆ ಕೇಳಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಊರೆಲ್ಲ ನಕ್ಕಾಗ ನಂಗೇನೂ ಅನ್ನಿಸಿರ್ಲಿಲ್ಲಕ್ಕ. ಅತ್ತೆ ಇದಾಳಲ್ಲ ಅಂದ್ಕೊಂಡಿದ್ದೆ. ಅವಳೂ ನನ್ನ ನಂಬಿರ್ಲಿಲ್ಲ" ಎಂದು ಅತ್ತಳು.

ಈಗ ಅದೇ ಶಿಖರಕ್ಕೆ ಮತ್ತೆ ಹೊರಟಿದ್ದಾಳೆ. ಮೊನ್ನೆ ಕಲ್ಯಾಣದುರ್ಗದ ಬಸ್ಸಿನಲ್ಲಿ ಅತ್ತೆಯ ಡಬ್ಬಿ ಬಂತು. ಶಿರೀಷಾ ಅದನ್ನು ಮುಚ್ಚಳ ತೆಗೆಯದೆ ನಮ್ಮ ಮನೆಗೆ ತಂದುಕೊಟ್ಟು ಹೋದಳು. ನಾನು ತುಪ್ಪ ತಿಂದೇ ಬೆಳೆದವಳು, ಅದರ ವಾಸನೆ ನನಗೆ ಯಾರೂ ಕಲಿಸಬೇಕಿಲ್ಲ. ಒಂದು ಉಂಡೆ ಮುರಿದೆ, ಮೂಸಿದೆ, ತಿಂದು ನೋಡಿದೆ. ತುಪ್ಪ ಹನಿಯಷ್ಟೂ ಇರಲಿಲ್ಲ. ಉಂಡೆ ನಿಲ್ಲದೆ ಕೈಯಲ್ಲೇ ಉದುರುತ್ತಿತ್ತು.

ತಡೆಯಲಾರದೆ ಎದುರುಮನೆಗೆ ಹೋಗಿ ಹೇಳಿದೆ. ಅವಳು ಒಲೆಯ ಮುಂದೆ ನಿಂತು ತಾನೇ ಕಡಲೆಕಾಯಿ ಬೀಜ ಹುರಿಯುತ್ತಿದ್ದಳು.

"ಇಲ್ದೇ ಇರ್ಬೋದಕ್ಕ" ಎಂದಳು. ಬಾಣಲೆಯಿಂದ ಕಣ್ಣೆತ್ತಲಿಲ್ಲ.