ಗಂಗತ್ತೆ ಕೇಳಿದ ಬಂಡೆ

ನೀರಿಗೆ ಬರವಿದ್ದರೂ ಕಲ್ಲಿಗೆ ಬರವಿಲ್ಲದ ಸೀಮೆ ನಮ್ಮದು. ಆ ದಿನಗಳಲ್ಲಿ, ದೊಡ್ಡೇರಿ ಕಡೆಯ ನಮ್ಮೂರಿಗೆ ಕರೆಂಟು ಇನ್ನೂ ಬಂದಿರದ ಕಾಲದಲ್ಲಿ, ಮಕ್ಕಳಿಗೆ ಆಟದ ಸಾಮಾನು ಅಂತ ಯಾರೂ ದುಡ್ಡು ಕೊಟ್ಟು ತರುತ್ತಿರಲಿಲ್ಲ. ಕಲ್ಲೇ ನಮ್ಮ ಸಾಮಾನು. ಐದು ಕಲ್ಲಾಟಕ್ಕೆ ಕಲ್ಲು, ಕುಂಟೆಬಿಲ್ಲೆಗೆ ಕಲ್ಲು, ಹುಣಸೆಕಾಯಿ ಉದುರಿಸಲು ಕಲ್ಲು, ಜಗಳ ಬಂದರೆ ಅದಕ್ಕೂ ಕಲ್ಲು. ನಿಮ್ಮಲ್ಲೂ ಅನೇಕರು ಹಾಗೇ ಬೆಳೆದಿರುತ್ತೀರಿ. ಆದರೆ ಕಲ್ಲು ಹಾಡುವುದನ್ನು ನಾನು ಕೇಳಿದ್ದು ಒಂದೇ ಬೇಸಿಗೆಯಲ್ಲಿ, ಒಂಬತ್ತು ವರ್ಷದವಳಿದ್ದಾಗ.

ನಮ್ಮ ಕಡಲೆಕಾಯಿ ಹೊಲದ ಅಂಚಿಗೆ, ಗುಡ್ಡದ ಬುಡದಲ್ಲಿ, ಉದ್ದನೆಯ ಬಂಡೆಯೊಂದು ಎರಡು ಗುಂಡುಕಲ್ಲುಗಳ ಮೇಲೆ ಮಲಗಿತ್ತು. ಅದರಡಿ ಮೇಕೆ ನುಗ್ಗುವಷ್ಟು ಸಂದು. ಹೊಲದಲ್ಲಿ ಉಳಿದ ಕಾಯಿಗಳನ್ನು ಆಯ್ದು, ಒಣಗಿದ ಬಳ್ಳಿಯ ಬೆಂಕಿಯಲ್ಲಿ ಸುಟ್ಟು, ಕೈ ಬಾಯೆಲ್ಲ ಮಸಿ ಮಾಡಿಕೊಂಡು ಅದರ ಮೇಲೆ ಕೂತು ತಿನ್ನುವುದು ನನಗೂ ನಮ್ಮ ದೊಡ್ಡಪ್ಪನ ಮಗ ಸೀನಣ್ಣನಿಗೂ ದಿನದ ಕೆಲಸ. ಒಂದು ದಿನ ಸೀನಣ್ಣ ಗಟ್ಟಿ ಕಾಯಿ ಒಡೆಯಲೆಂದು ಕೈಗೆ ಸಿಕ್ಕ ಕಲ್ಲಿನಿಂದ ಬಂಡೆಯನ್ನು ಕುಟ್ಟಿದ. ಠಣ್ ಎಂದಿತು. ಕಂಚಿನ ಗಂಟೆ ಬಡಿದ ಹಾಗೆ. ಸದ್ದು ಕಿವಿಗಿಂತ ಮುಂಚೆ ಕೂತ ಜಾಗದಿಂದ ಮೈಗೆ ಹತ್ತಿತು.

"ಲೇ, ಇದ್ರೊಳಗೆ ಯಾರೋ ಅವ್ರೆ ಕಣೇ!" ಎಂದು ಸೀನಣ್ಣ ಕೆಳಗೆ ಹಾರಿದ. ಊರಿಗೆಲ್ಲ ಧೈರ್ಯಸ್ಥ ಅವನು!

ನಾನು ಹಾರಲಿಲ್ಲ, ಯಾಕೆಂದರೆ ಗಂಗತ್ತೆಯನ್ನು ನೋಡುತ್ತಿದ್ದೆ. ಗಂಗತ್ತೆ ನಮ್ಮಪ್ಪನ ಕೊನೆಯ ತಂಗಿ. ಹದಿನೆಂಟೋ ಇಪ್ಪತ್ತೋ ಇರಬೇಕು. ಹುಟ್ಟಾ ಕಿವುಡಿ, ಹಾಗಾಗಿ ಮಾತೂ ಬಾರದು. ಊರವರು ಅವಳಿಗೆ ಕೈಸನ್ನೆ ಮಾಡುತ್ತಲೇ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಕೇಳದವಳ ಮುಂದೆ ಅಷ್ಟೊಂದು ಕೂಗು ಯಾಕೋ ನನಗೆ ಇವತ್ತಿಗೂ ತಿಳಿಯದು. ಆ ಹೊತ್ತು ಅವಳು ಬಂಡೆಯ ಆ ತುದಿಯಲ್ಲಿ ನೆರಳಿಗೆ ಬೋರಲು ಮಲಗಿದ್ದಳು. ಥಟ್ಟನೆ ತಲೆಯೆತ್ತಿ ನಮ್ಮನ್ನು ನೋಡಿದಳು, ಬಂಡೆಯನ್ನು ನೋಡಿದಳು. ಅಂಗೈ ಊರಿ, ಇನ್ನೊಂದು ಕೈಯಲ್ಲಿ 'ಮತ್ತೆ' ಎಂದಳು. ನಾನು ಕುಟ್ಟಿದೆ. ಅವಳು ಕೆನ್ನೆಯನ್ನು, ಎದೆಯನ್ನು, ಹೊಟ್ಟೆಯನ್ನು ಕಲ್ಲಿಗೆ ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಸುರಿಯಿತು. ಗಂಗತ್ತೆ ಹಾಗೆ ನಕ್ಕಿದ್ದನ್ನು ಮನೆಯಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

ಅಲ್ಲಿಂದ ಮುಂದೆ ನಮಗೆ ಬೇರೆ ಆಟವೇ ಬೇಡವಾಯಿತು. ಬಂಡೆಯ ತುದಿಗೆ ಹೊಡೆದರೆ ದಪ್ಪ ದನಿ, ನಡುವೆ ಹೊಡೆದರೆ ಸಣ್ಣ ದನಿ, ಬಿಳಿ ಪಟ್ಟೆಯಿರುವ ಕಡೆ ಹೊಡೆದರೆ ಎಷ್ಟೋ ಹೊತ್ತು ಇಳಿಯದೆ ನಿಲ್ಲುವ ದನಿ. ಗಂಗತ್ತೆಗೆ ಆ ಮೂರನೆಯದೇ ಬೇಕು. ಅದು ಪೂರ್ತಿ ಇಳಿಯುವ ಮುಂಚೆ ನಾವು ಮತ್ತೊಂದು ಏಟು ಹಾಕಿದರೆ ಸಿಟ್ಟು ಬಂದು ಕಾಲಿನಿಂದ ಒದೆಯುತ್ತಿದ್ದಳು.

ಅಜ್ಜಿಗೆ ಇದು ಹಿಡಿಸಲಿಲ್ಲ. "ಕಿವಿ ಕೇಳ್ದೇ ಇರೋಳ್ಗೆ ಯಾತರ ಹಾಡು? ಬಿಸ್ಲಾಗೆ ಕಲ್ಲು ಕುಟ್ಕಂಡು ಕುಂತವ್ರೆ, ಹುಣ್ಸೆಹಣ್ ಬಿಡ್ಸೋಕೆ ಕೈ ಬರಾಕಿಲ್ಲ" ಎಂದು ಬೈಯುತ್ತಿದ್ದಳು. ಆ ಬೇಸಿಗೆ ನಮ್ಮೂರ ಹುಡುಗರಿಗೆ ನಾಟಕ ಕಲಿಸಲು ಕೊರಟಗೆರೆ ಕಡೆಯಿಂದ ಹಾರ್ಮೋನಿಯಂ ಮೇಷ್ಟ್ರೊಬ್ಬರು ಬಂದಿದ್ದರು. ನಶ್ಯದ ಡಬ್ಬಿ, ಸದಾ ಒದ್ದೆಯಾದ ಮೂಗು, ಒಳ್ಳೆಯ ಮನಸ್ಸು. ನ್ಯಾಯ ಕೇಳಲು ಅವರ ಹತ್ತಿರ ಹೋದೆವು.

"ಕಲ್ಲು ಕುಟ್ಟೋದು ಸಂಗೀತ ಅನ್ನೋದಾದ್ರೆ, ಒರಳು ಕುಟ್ಟೋ ನಿಮ್ಮಜ್ಜಿ ದೊಡ್ಡ ವಿದುಷಿಯಾಗಬೇಕಲ್ಲ ಮಗು" ಎಂದು ನಕ್ಕರು. ಆಮೇಲೆ ಒಂದು ಚಿಟಿಕೆ ನಶ್ಯ ಏರಿಸಿ, "ನನಗೂ ಸರಿಯಾಗಿ ಗೊತ್ತಿಲ್ಲಮ್ಮ. ಮುಗಿದುಹೋಯ್ತಲ್ಲಾ ಅಂತ ಕೇಳಿದವರಿಗೆ ಅನ್ನಿಸಿದ್ರೆ ಅದು ಸಂಗೀತ. ಸದ್ಯ ನಿಂತಿತಲ್ಲಪ್ಪಾ ಅನ್ನಿಸಿದ್ರೆ ಅದು ಗದ್ದಲ" ಎಂದರು. ಸೀನಣ್ಣ ನನ್ನ ಮುಖ ನೋಡಿದ. ಹಾಗಾದರೆ ಗೆದ್ದವರು ನಾವೇ.

ಗೆದ್ದ ಸಂಭ್ರಮ ಯುಗಾದಿಯವರೆಗೂ ಉಳಿಯಲಿಲ್ಲ. ಹಿಂದಿನ ಕಾರ್ತಿಕದ ಮಳೆಗೆ ನಮ್ಮ ಮಣ್ಣಿನ ಮಾಳಿಗೆ ನೆನೆದು ಹಿತ್ತಿಲ ಕಡೆಯ ಗೋಡೆ ಬಿದ್ದಿತ್ತು. ಈ ಸಲ ಮಳೆಗಾಲಕ್ಕೆ ಮುಂಚೆ ಕಲ್ಲು ಚಪ್ಪಡಿ ಹೊದಿಸಲೇಬೇಕೆಂದು ತಾತ ಹಟ ಹಿಡಿದು, ಪಾವಗಡದಾಚೆಯಿಂದ ಓಬಳಪ್ಪ ಎಂಬ, ತೆಲುಗು ಬೆರೆಸಿ ಮಾತಾಡುವ ಕಲ್ಲು ಒಡೆಯುವವನನ್ನು ಕರೆಸಿದ. ಓಬಳಪ್ಪ ಗುಡ್ಡದ ಬುಡದ ಬಂಡೆಗಳನ್ನೆಲ್ಲ ಸುತ್ತಿಗೆಯಿಂದ ತಟ್ಟುತ್ತಾ ಬಂದ. ಠಪ್. ತಲೆಯಾಡಿಸಿ ಮುಂದೆ. ಠಪ್. ಮುಂದೆ. ನಮ್ಮ ಬಂಡೆಗೆ ತಟ್ಟಿದವನು ಹಾಗೇ ನಿಂತ.

"ಸಾಮೀ, ಇದಿ ಬಂಗಾರು! ಒಳಗೆ ಒಂದು ಕೂದ್ಲೆಳೆ ಬಿರುಕಿಲ್ಲ. ಬಿರುಕಿರೋ ಕಲ್ಲು ಇಂಗೆ ಮಾತಾಡಲ್ಲ."

ಬಂಡೆ ಹಾಡುತ್ತಿದ್ದುದೇ ಅದಕ್ಕೆ ಮುಳುವಾಯಿತು. ಸೀನಣ್ಣ ತಾತನ ಪಂಚೆ ಹಿಡಿದುಕೊಂಡ. "ತಾತ, ಅದು ಗಂಗತ್ತೆದು. ಬೇರೆ ಯಾವ್ದಾದ್ರೂ ಒಡ್ಸು."

ತಾತ ರೇಗುತ್ತಾನೆಂದುಕೊಂಡಿದ್ದೆ. ಅವನು ಕುಕ್ಕರುಗಾಲಲ್ಲಿ ಕೂತ. "ಬಿರುಕು ಕಲ್ಲು ಹೊದ್ಸಿ ನಿಮ್ ತಲೆ ಮೇಲೆ ಕೆಡವ್ಲೇನ್ಲಾ? ಅವತ್ತು ಗೋಡೆ ಬಿದ್ದಾಗ ಕರಕರ ಅಂತ ಸದ್ದಾಯ್ತು, ನಾವೆಲ್ಲ ಎದ್ದು ಓಡುದ್ವಿ. ಗಂಗೀ ಗೋಡೆ ಮಗ್ಗುಲಾಗೇ ಮಲ್ಗಿದ್ಲು. ನಾನು ಜುಟ್ಟು ಹಿಡ್ದು ಎಳ್ಕಂಡು ಬಂದೆ. ಇನ್ನೊಂದ್ ಸಲ ಅಂಗಾದ್ರೆ ಎಳ್ಕಂಡು ಬರಾಕೆ ನಾನಿರ್ತೀನಾ?"

ಸೀನಣ್ಣ ಪಂಚೆ ಬಿಟ್ಟ.

ಓಬಳಪ್ಪ ಬಂಡೆಯ ನಡುವೆ ಅಡ್ಡಗೆರೆ ಹಾಕಿ, ಗೆರೆಯುದ್ದಕ್ಕೂ ಉಳಿಯಿಂದ ಗುಳಿ ತೋಡಿದ. ಕಬ್ಬಿಣದ ಬೆಣೆ ಇಡುವ ದಿನ ಬೆಳಿಗ್ಗೆ ನೋಡಿದರೆ ಗಂಗತ್ತೆ ಬಂಡೆಯ ದಪ್ಪ ತುದಿಯಲ್ಲಿ ಬೋರಲು ಮಲಗಿದ್ದಾಳೆ. ತಾತ ಸನ್ನೆ ಮಾಡಿದ, ಕೈ ಮುಗಿದ, ಕೊನೆಗೆ ರಟ್ಟೆ ಹಿಡಿದು ಎಳೆದ. ಅವಳು ಜಗ್ಗಲಿಲ್ಲ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಓಬಳಪ್ಪನೇ ಅಡ್ಡ ಬಂದ.

"ಉಂಡನೀ ಸಾಮಿ, ಇರ್ಲಿ ಬುಡು. ಆ ತುದಿ ಗುಂಡಿನ ಮೇಲೆ ಗಟ್ಟಿಯಾಗಿ ಕೂತೈತೆ. ಕಲ್ಲು ಸಿಡಿಯಲ್ಲ, ಬಿರಿತೈತೆ ಅಷ್ಟೇ. ಆಯಮ್ಮಂಗೆ ಏನೂ ಆಗಲ್ಲ, ನಂದು ಜವಾಬ್ದಾರಿ."

ಬೆಣೆಗಳನ್ನು ಸಾಲಾಗಿ ಗುಳಿಗಳಲ್ಲಿ ನಿಲ್ಲಿಸಿ ಓಬಳಪ್ಪ ಒಂದೊಂದಕ್ಕೂ ಒಂದೊಂದು ಏಟು ಹಾಕುತ್ತಾ ಹೋದ. ಆ ತುದಿ ಮುಟ್ಟಿದ ಮೇಲೆ ಮತ್ತೆ ಈ ತುದಿಯಿಂದ. ಮೊದಲ ಸುತ್ತಿನಲ್ಲಿ ದನಿ ದಪ್ಪಗಿತ್ತು. ಎರಡನೆಯದರಲ್ಲಿ ತುಸು ಏರಿತು. ಬೆಣೆ ಬಿಗಿದಷ್ಟೂ ದನಿ ಏರುತ್ತದೆಂದು ನಮಗೇನು ಗೊತ್ತು? ಸುತ್ತು ಸುತ್ತಿಗೂ ಅದು ತೆಳ್ಳಗಾಗುತ್ತಾ, ಮೇಲೆ ಮೇಲೆ ಹೋಗುತ್ತಾ, ಪ್ರತಿ ಬೆಣೆಯೂ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಬೇರೆಯಾಗಿ ನುಡಿಯುತ್ತಾ, ಗುಡ್ಡವೆಲ್ಲ ಅದನ್ನು ಹಿಂದಿರುಗಿಸಿ ಹೇಳತೊಡಗಿತು. ನಮ್ಮ ಇಷ್ಟು ದಿನದ ಕುಟ್ಟಾಟ ಅದರ ಮುಂದೆ ಏನೂ ಅಲ್ಲ. ಆ ಬಂಡೆಯೊಳಗೆ ಅಂಥದ್ದೊಂದು ಇದೆಯೆಂದು ನಾವು ಊಹಿಸಿಯೂ ಇರಲಿಲ್ಲ. ಒಡೆಯಬಾರದು ಅನ್ನಿಸುತ್ತಿತ್ತು, ಹೊಡೆಯುವುದನ್ನು ನಿಲ್ಲಿಸಲೂ ಬಾರದು ಅನ್ನಿಸುತ್ತಿತ್ತು. ಮೇಕೆ ಮೇಯಿಸುವವರು ಬಂದು ನಿಂತರು, ತಾತ ತಲೆಯ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಗಂಗತ್ತೆ ನಗುತ್ತಿರಲಿಲ್ಲ. ಕಣ್ಣು ಮುಚ್ಚಿ, ಎರಡೂ ತೋಳು ಚಾಚಿ ಬಂಡೆಯನ್ನು ತಬ್ಬಿಕೊಂಡಿದ್ದಳು.

ಇದ್ದಕ್ಕಿದ್ದಂತೆ ಅವಳು ಕೈಯೆತ್ತಿದಳು. ನಿಲ್ಲಿಸು ಎಂದು.

ಓಬಳಪ್ಪನ ಸುತ್ತಿಗೆ ಮೇಲೆಯೇ ನಿಂತಿತು. ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ. ಗಾಳಿಯೂ ಇರಲಿಲ್ಲ. ಗಂಗತ್ತೆಯ ಕೈ ಹಾಗೇ ಎತ್ತಿದ್ದಂತೆಯೇ, ಎಷ್ಟೋ ಹೊತ್ತಿನ ಮೇಲೆ ಬಂಡೆಯ ಒಳಗೆಲ್ಲೋ ಹೊಸ ಬಟ್ಟೆ ಹರಿದ ಹಾಗೆ ಚರ್‍ರ್ ಎಂದಿತು. ನಾವು ನೋಡನೋಡುತ್ತಲೇ ಒಂದು ಕಪ್ಪು ಗೆರೆ ಬೆಣೆಯಿಂದ ಬೆಣೆಗೆ ಓಡಿ ಆ ಬದಿ ಮುಟ್ಟಿತು.

ಓಬಳಪ್ಪ ಸುತ್ತಿಗೆ ಕೆಳಗಿಟ್ಟ. "ನಾ ಕಂಟೆ ಮುಂದೇ ತೆಲಿಸಿಂದಿ" ಎಂದ. ಮತ್ತೆ ನಮ್ಮ ಕಡೆ ತಿರುಗಿ, "ನನಗಿಂತ ಮುಂಚೆ ಗೊತ್ತಾಯ್ತು ಆಯಮ್ಮಂಗೆ. ಇಷ್ಟು ವರ್ಷ ಕಲ್ಲು ಒಡ್ದಿವ್ನಿ, ಒಳಗೆ ಬಿರಿಯೋದು ನನಗೆ ಯಾವತ್ತೂ ಮುಂಚೆ ಕೇಳಿಲ್ಲ" ಎಂದು ಗಂಗತ್ತೆಗೆ ಕೈ ಮುಗಿದ.

ಅವಳು ಅದನ್ನು ನೋಡಲಿಲ್ಲ. ಎದ್ದು ಕೂತು ಒಂದು ಕಲ್ಲು ತೆಗೆದುಕೊಂಡು ತನ್ನ ತುದಿಯನ್ನು ಕುಟ್ಟಿದಳು. ಠಪ್. ಅಂಗೈ ಊರಿ ಮತ್ತೆ ಕುಟ್ಟಿದಳು. ಠಪ್. ಕಲ್ಲನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಮುಖದ ಮೇಲಿನ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸಿಕೊಂಡು, ನೀರಿಗೆ ಹೊತ್ತಾಯಿತೆಂದು ಅಜ್ಜಿಗೆ ಸನ್ನೆ ಮಾಡಿ ಮನೆಗೆ ಹೊರಟಳು.

ಆ ವರ್ಷ ಮಳೆ ಚೆನ್ನಾಗಿಯೇ ಹೊಯ್ಯಿತು. ಚಪ್ಪಡಿಯ ಸೂರಿನಿಂದ ಒಂದು ಹನಿಯೂ ಒಳಗೆ ಬೀಳಲಿಲ್ಲ, ಗಂಗತ್ತೆ ಗೋಡೆಯ ಮಗ್ಗುಲಲ್ಲಿ ಬೆಚ್ಚಗೆ ಮಲಗಿದಳು. ತಾತ ಮಾಡಿದ್ದು ಸರಿ. ಈಗ ಆ ಗುಡ್ಡದ ಅರ್ಧವೂ ಉಳಿದಿಲ್ಲ. ಜಲ್ಲಿ ಮಿಷನ್ನಿನ ಧೂಳು ಹುಣಸೆಮರಗಳ ಮೇಲೆಲ್ಲ ಕೂತಿದೆ, ಮಧ್ಯಾಹ್ನ ಸಿಡಿಮದ್ದು ಹಾರಿಸಿದರೆ ಊರ ಪಾತ್ರೆಗಳೆಲ್ಲ ಗಡಗಡ ಎನ್ನುತ್ತವೆ. ಅದನ್ನು ನೋಡಿದರೆ ಬೇಸರವಾಗುತ್ತದೆ, ಆದರೆ ನನ್ನ ಸಂಕಟ ಬೇರೆ.

ಆ ಬೇಸಿಗೆ ಮುಗಿಯುವವರೆಗೂ ಸೀನಣ್ಣ ಮತ್ತು ನಾನು ಗುಡ್ಡದ ಮೇಲಿನ ಒಂದೊಂದು ಬಂಡೆಯನ್ನೂ ಬಡಿದೆವು. ತುಸು ನುಡಿಯಿತು ಅನ್ನಿಸಿದರೆ ಸಾಕು, ಓಡಿಹೋಗಿ ಗಂಗತ್ತೆಯ ಕೈ ಹಿಡಿದು ಎಳೆದು ತರುತ್ತಿದ್ದೆವು. ಅವಳು ಕೆಲಸ ಬಿಟ್ಟು ಬರುತ್ತಿದ್ದಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಎದೆಯೂರಿ ಮಲಗಿ, ನಾವು ಕುಟ್ಟಿ ಮುಗಿಸುವ ತನಕ ಕಾಯುತ್ತಿದ್ದಳು. ಆಮೇಲೆ ಎದ್ದು, ನಮ್ಮಿಬ್ಬರ ತಲೆ ಸವರಿ, ಚೆನ್ನಾಗಿದೆ ಎಂಬಂತೆ ನಗುತ್ತಿದ್ದಳು. ನಮಗೆ ನೋವಾಗದಿರಲೆಂದು ನಗುವ ನಗು ಅದು. ಮಕ್ಕಳಾದರೂ ನಮಗೆ ತಿಳಿಯುತ್ತಿತ್ತು. ಗಂಗತ್ತೆ ಆಮೇಲೂ ಬಹಳ ವರ್ಷ ಬಾಳಿದಳು. ನನ್ನ ಮದುವೆಯಲ್ಲಿ, ನನ್ನ ಮಕ್ಕಳನ್ನು ಮೊದಲ ಸಲ ಎತ್ತಿಕೊಂಡಾಗ, ಕೊನೆಯ ದಿನ ನಾನು ಬಾಯಿಗೆ ನೀರು ಬಿಟ್ಟಾಗ, ಆ ನಗುವನ್ನೇ ನಕ್ಕಳು.